ಆಷಾಢದ ಗಾಳಿಗೆ ಬೇಕಾದ ಬಯಲು

ಗುಜರಾತಿನಲ್ಲಿ ಪಟ ಏರುವುದು ಸಂಕ್ರಾಂತಿಗೆ. ನಮ್ಮ ದೊಡ್ಡಬಳ್ಳಾಪುರದ ಕಡೆ ಆಷಾಢಕ್ಕೆ. ಘಟ್ಟದ ಮೇಲೆ ಮಳೆಯನ್ನೆಲ್ಲ ಸುರಿದು ಬಂದ ಮುಂಗಾರು ಗಾಳಿ ಈ ಬಯಲುಸೀಮೆಯಲ್ಲಿ ಒಣಗಿ ಬಿರುಸಾಗಿ ಬೀಸುತ್ತದೆ. ಮದುವೆ ಮುಂಜಿ ಇಲ್ಲದ ತಿಂಗಳು. ರಾಗಿ ಬಿತ್ತನೆಗೆ ಇನ್ನೂ ಹದಮಳೆ ಕಾಯಬೇಕು. ಉತ್ತು ಬಿಟ್ಟ ಹೊಲದಲ್ಲಿ ಮಕ್ಕಳು ಎಷ್ಟು ಓಡಿದರೂ ತುಳಿದು ಹಾಳಾಗಲು ಪೈರಿಲ್ಲ, ಹಾಗಾಗಿ ಬಯ್ಯುವವರೂ ಇಲ್ಲ. ಗಾಳಿ, ಖಾಲಿ ಹೊಲ, ಹಿರಿಯರ ಬಿಡುವು ಒಟ್ಟಿಗೆ ಕೂಡಿಬರುವ ಕೆಲವೇ ವಾರಗಳು ಅವು. ಪಟದ ಸ್ಪರ್ಧೆ ನಡೆಸುವಷ್ಟು ಈ ಊರಿಗೆ ಅದರ ಹುಚ್ಚಿದೆ.

ಸ್ಪರ್ಧೆಯ ದೊಡ್ಡ ಬಣ್ಣದ ಪಟಗಳಿಗಿಂತ ನನಗೆ ಹಟ್ಟಿಯ ಮಕ್ಕಳ ಪೇಪರ್ ಪಟ ಇಷ್ಟ. ಹಳೇ ಪೇಪರು, ತೆಂಗಿನ ಪೊರಕೆಯ ಎರಡು ಕಡ್ಡಿ, ಅಂಟಿಗೆ ಅನ್ನದ ಅಗುಳು, ಬಾಲಂಗೋಚಿಗೆ ಅಜ್ಜಿಯ ಹರಿದ ಸೀರೆ. ಒಂದು ಕಡ್ಡಿ ನೆಟ್ಟಗೆ, ಇನ್ನೊಂದು ಬಿಲ್ಲಿನ ಹಾಗೆ ಬಾಗಿಸಿ. ಕಷ್ಟವಿರುವುದು ಸೂತ್ರ ಕಟ್ಟುವುದರಲ್ಲಿ. ಬೆರಳಗಲ ಹೆಚ್ಚುಕಡಿಮೆಯಾದರೂ ಪಟ ಮೂಗು ನೆಲಕ್ಕಿಡುತ್ತದೆ. ಗಿರಕಿ ಹೊಡೆದರೆ ಬಾಲ ಉದ್ದವಾಗಬೇಕು, ಏಳಲಾರದೆ ತೂಗಿದರೆ ಬಾಲ ಹರಿಯಬೇಕು. ಒಮ್ಮೆ ಏಳೆಂಟು ವರ್ಷದ ಹುಡುಗಿಯೊಬ್ಬಳು ನೂಲು ಹಿಡಿದ ಅಣ್ಣನಿಗೆ, “ಬಾಲ ಸಾಲ್ದು ಕಣೋ, ಇನ್ನೊಂದ್ ಗೇಣು ಕಟ್ಟು” ಎಂದು ಕೂಗುತ್ತಿದ್ದಳು. ಅವನು ಕಟ್ಟಿದ. ಪಟ ನಿಂತಿತು. ಆಮೇಲೆ ಇಬ್ಬರೂ ಮಾತಾಡಲಿಲ್ಲ; ಸರದಿಯ ಮೇಲೆ ನೂಲು ಹಿಡಿದು, ಅದು ಜಗ್ಗುವುದನ್ನು ಅಂಗೈಯಲ್ಲಿ ಅನುಭವಿಸುತ್ತ ನಿಂತರು. ಗಾಳಿಯನ್ನು ಮುಟ್ಟಿ ನೋಡುವುದಕ್ಕೆ ಇದಕ್ಕಿಂತ ಹತ್ತಿರದ ದಾರಿ ಯಾವುದಿದೆ?

ಅಂಗಡಿಯ ನೈಲಾನ್ ಮಾಂಜಾ ಈ ಆಟದ ಪಾಲಿನ ಕೇಡು. ಹಕ್ಕಿಯ ರೆಕ್ಕೆ, ಬೈಕ್ ಸವಾರರ ಕೊರಳು ಕೊಯ್ಯುವ ಆ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ. ಬಾಲಂಗೋಚಿಯ ಪಟಕ್ಕೆ ಅದು ಬೇಕಾಗಿಯೂ ಇಲ್ಲ. ಆ ಪಟ ಯಾರ ನೂಲನ್ನೂ ಕಡಿಯಲು ಹೊರಟದ್ದಲ್ಲ.

ಇಷ್ಟು ಕಡಿಮೆಯಲ್ಲಿ ಮಕ್ಕಳು ಎಷ್ಟು ಸುಖವಾಗಿರುತ್ತಾರೆ, ಅವರಿಂದ ಕಲಿಯಬೇಕು ಎಂದು ಹೇಳುವವರಿದ್ದಾರೆ. ಆ ಮಾತನ್ನು ನಾನು ಒಪ್ಪಲಾರೆ. ಮಗುವಿನ ಜೇಬಿನಿಂದ ಕಾಸು ಹೋಗಿಲ್ಲ, ನಿಜ. ಆದರೆ ಆ ಸುಖದ ಬಂಡವಾಳವನ್ನು ಊರು ತಲೆಮಾರುಗಳಿಂದ ಹಾಕಿಟ್ಟಿತ್ತು. ಮರಕೋತಿಗೆ ಗುಂಡುತೋಪಿನ ಮರ ಬೇಕು, ಚಿನ್ನಿದಾಂಡಿಗೆ ಗೋಮಾಳದ ಉದ್ದಗಲ ಬೇಕು, ಗೋಲಿಗೆ ಗುಳಿ ತೋಡಲು ಮಣ್ಣಿನ ನೆಲ ಬೇಕು. ಪಟಕ್ಕಂತೂ ತಂತಿಯಿಲ್ಲದ ಆಕಾಶವೇ ಬೇಕು. ಸಿಮೆಂಟ್ ಹಾಕಿದ ಅಂಗಳದಲ್ಲಿ ಮಕ್ಕಳು ಮೊಬೈಲ್ ಹಿಡಿದರೆ ಅವರಿಗೆ ಸರಳ ಸುಖದ ರುಚಿ ಕೆಟ್ಟಿದೆ ಎನ್ನುವುದು ಅನ್ಯಾಯ. ಕೆಟ್ಟದ್ದು ಅವರ ರುಚಿಯಲ್ಲ, ನಾವು ಅವರ ನೆಲವನ್ನು ಮಾರಿದ್ದೇವೆ.

ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದದ್ದು 2008ರಲ್ಲಿ. ಆಮೇಲೆ ಸುತ್ತಲಿನ ಹೊಲಗಳಲ್ಲಿ ಲೇಔಟಿನ ಕಲ್ಲುಗಳು ಎದ್ದವು. ಮನೆಗಳು ಏಳುವ ಮುಂಚಿನ ನಾಲ್ಕಾರು ವರ್ಷ ಆ ಸೈಟುಗಳೇ ಆಟದ ಬಯಲು. ಕಲ್ಲುಗಳೇ ವಿಕೆಟ್ಟು, ಅವುಗಳ ನಡುವೆಯೇ ಪಟದ ಓಟ. ಆ ಮಕ್ಕಳನ್ನು ಕಂಡಾಗ ಖುಷಿಯಾಗುತ್ತದೆ, ಸಂಕಟವೂ ಆಗುತ್ತದೆ. ಅವರ ಬಯಲಿಗೆ ಆಗಲೇ ನಂಬರು ಬಿದ್ದಿರುತ್ತದೆ.

ಅದೇ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆಯ ಸರ್ಕಾರಿ ಭೂಸ್ವಾಧೀನದ ವಿರುದ್ಧ ಮೂರು ವರ್ಷಕ್ಕೂ ಮೀರಿ ಹೋರಾಡಿದರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಡುವುದಾಗಿ ಘೋಷಿಸಿತು. ಆಗಲೂ ಆಷಾಢವೇ ನಡೆಯುತ್ತಿತ್ತು. ಆ ನೆಲದ ರಾಗಿ, ದ್ರಾಕ್ಷಿ, ರೇಷ್ಮೆ, ಹಾಲಿನ ಲೆಕ್ಕ ಕೇಳಿದರೆ ರೈತರ ಬಳಿ ಗಟ್ಟಿ ಉತ್ತರವಿತ್ತು. ಮಕ್ಕಳ ಓಟದ ಲೆಕ್ಕ ಯಾವ ಅರ್ಜಿಗೂ ಹಿಡಿಸುವಂಥದ್ದಲ್ಲ. ಆದರೂ ಅದು ಅದೇ ಎಕರೆಗಳೊಳಗೆ ಸೇರಿ ಉಳಿಯಿತು.

ಎಲ್ಲ ಊರಿಗೂ ಅಷ್ಟು ದೊಡ್ಡ ಹೋರಾಟ ಸಾಧ್ಯವಿಲ್ಲ. ಆದರೆ ಉಳಿದ ಗುಂಡುತೋಪು, ಗೋಮಾಳದ ಒತ್ತುವರಿಯನ್ನು ಗ್ರಾಮಸಭೆಯಲ್ಲಿ ಎತ್ತಬಹುದು. ಎತ್ತುವಾಗ ಊರಿನ ಮಕ್ಕಳನ್ನೂ ಕರೆದು, ಅವರು ಪಟ ಬಿಡುವ ಜಾಗ ಯಾವುದೆಂದು ಕೇಳಿ ನಕ್ಷೆಯಲ್ಲಿ ಗುರುತು ಹಾಕಿಸಬೇಕು.