ನೀರುಬಾಗಲ ಮುಂದಣ ಓದು

ಸೆರೆಯಿಂದ ತಿರಿಗಿ ಬಂದ ಜನರು ಯೆರೂಸಲೇಮಿನ ನೀರುಬಾಗಲ ಮುಂದೆ ಕೂಡಿದಾಗ ಎಜ್ರನು ಧರ್ಮಶಾಸ್ತ್ರವನ್ನು ತಂದು ಉದಯದಿಂದ ಮಧ್ಯಾಹ್ನದ ತನಕ ಓದಿದನೆಂದು ನೆಹೆಮೀಯನ 8ನೆಯ ಅಧ್ಯಾಯದಲ್ಲಿ ಕಾಣುತ್ತೇವೆ. ಪಟ್ಟಣದ ಗೋಡೆಯು ಆಗಲೇ ಕಟ್ಟಿ ಮುಗಿದಿತ್ತು. ಆದರೂ ಗಂಡಸರೂ ಹೆಂಗಸರೂ ಕೂಡಿ ಶಾಸ್ತ್ರದ ಅರ್ಥವನ್ನು ತಿಳಿಯುವದು ಅವಶ್ಯವಾಗಿತ್ತು.

ನಮ್ಮ ದೇಶಕ್ಕೂ ಹೀಗೆ ಒಂದು ಪುಸ್ತಕವು ದೊರಕಿತು. 1946ನೆಯ ಇಸವಿ ಡಿಸೆಂಬರ 9ರಂದು ದಿಲ್ಲಿಯಲ್ಲಿ ಕೂಡಿದ ಸಂವಿಧಾನ ಸಭೆಯು ಸುಮಾರು ಮೂರು ವರುಷ ವಿಚಾರಮಾಡಿ 1949ರ ನವೆಂಬರ 26ರಂದು ಅದನ್ನು ಅಂಗೀಕರಿಸಿತು. ಅದರ ಮೊದಲನೆಯ ಕರಡನ್ನು ಸಿದ್ಧಮಾಡಿದವರು ನಮಗೆ ದೂರದವರಲ್ಲ. ಮಂಗಳೂರಿನಲ್ಲಿ 1887ರಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರ ಮನೆತನದ ಹೆಸರೇ ನಮ್ಮ ಬ್ರಹ್ಮಾವರ ಸೀಮೆಯ ಊರಿನದು. ಅವರು ಆ ಸಭೆಯ ಸದಸ್ಯರಲ್ಲ, ಸಲಹೆಗಾರರು. ಸಂಬಳವಿಲ್ಲದೆ ದುಡಿದರೆಂದು ಅಧ್ಯಕ್ಷರಾದ ರಾಜೇಂದ್ರಪ್ರಸಾದರು ಅವರನ್ನು ವಂದಿಸಿದರು. 1947ರ ಅಕ್ಟೋಬರದಲ್ಲಿ ಅವರು ಒಪ್ಪಿಸಿದ ಕರಡಿನಲ್ಲಿ 243 ವಿಧಿಗಳಿದ್ದವು. ಅಂಬೇಡ್ಕರರ ಸಮಿತಿಯೂ ಸಭೆಯೂ ಶೋಧಿಸಿ ಬೆಳೆಸಿದ ಮೇಲೆ 395 ಆದವು.

ಇವುಗಳಲ್ಲಿ 25ನೆಯ ವಿಧಿಯು ನಮಗೆ ಪ್ರಿಯವಾದದ್ದು. ಮನಸ್ಸಾಕ್ಷಿಯ ಸ್ವಾತಂತ್ರ್ಯವೂ ಮತವನ್ನು ಅನುಸರಿಸಿ ಸಾರುವ ಹಕ್ಕೂ ಅದರಲ್ಲಿವೆ. 1948ರ ಡಿಸೆಂಬರ 6ರಂದು ಸಾರುವದೆಂಬ ಮಾತನ್ನು ತೆಗೆದುಬಿಡಬೇಕೆಂದು ಕೆಲವರು ವಾದಿಸಿದಾಗ, ಮದ್ರಾಸಿನ ಟಿ. ಟಿ. ಕೃಷ್ಣಮಾಚಾರಿಯವರು ಎದ್ದು, ತಾವು ಸುಮಾರು 14 ವರುಷ ಕ್ರೈಸ್ತ ವಿದ್ಯಾಸಂಸ್ಥೆಗಳಲ್ಲಿ ಕಲಿತರೂ ತಮ್ಮನ್ನು ಮತಾಂತರಿಸಲು ಯಾರೂ ಯತ್ನಿಸಲಿಲ್ಲವೆಂದು ಸಾಕ್ಷಿ ಹೇಳಿದರು. ನಮ್ಮ ಪಕ್ಷವಾಗಿ ನೆರೆಯವರೇ ಮಾತಾಡಿದ್ದನ್ನು ನಾವು ಮರೆಯಬಾರದು.

ಆದರೆ 17ನೆಯ ವಿಧಿಯನ್ನು ನಾವು ಅಷ್ಟು ಸಂತೋಷದಿಂದ ಓದುತ್ತೇವೋ? ಅಸ್ಪೃಶ್ಯತೆಯು ರದ್ದಾಗಿದೆ, ಅದರ ಆಚರಣೆಯು ನಿಷಿದ್ಧ ಎಂದು ಅದು ಹೇಳುತ್ತದೆ. ಇದು ಅನ್ಯರಿಗೆ ಬರೆದದ್ದು, ನಾವು ಎಂದೋ ಜಾತಿಯನ್ನು ಬಿಟ್ಟವರು ಎಂದು ಕುಂದಾಪುರದಿಂದ ಬೈಂದೂರಿನ ವರೆಗೂ ಹೇಳಿಕೊಳ್ಳುತ್ತೇವೆ. ಸಹೋದರರೇ, ಕರ್ತನ ಮೇಜಿನಲ್ಲಿ ಒಂದೇ ರೊಟ್ಟಿಯನ್ನು ಹಂಚಿಕೊಂಡ ನಾವು ಮಗಳ ಮದುವೆಯ ಪ್ರಸ್ತಾಪ ಬಂದಾಗ, ಅವರ ಅಜ್ಜಂದಿರು ಮೊದಲು ಯಾವ ಜನವೆಂದು ಮೆಲ್ಲಗೆ ವಿಚಾರಿಸುವದಿಲ್ಲವೇ? ಯಾರಿಗೂ ಕೇಳಿಸದ ಹಾಗೆ ವಿಚಾರಿಸುತ್ತೇವೆ. ಅದೇ ನಮ್ಮ ಅಪರಾಧವನ್ನು ತೋರಿಸುತ್ತದೆ.

ಆ ದಿನ ಶಾಸ್ತ್ರವನ್ನು ಕೇಳಿದ ಜನರು ಅತ್ತರು. ಅವರಿಗೆ ಬಂದ ಅಪ್ಪಣೆ ಏನಂದರೆ, ಹೋಗಿ ಉಣ್ಣಿರಿ, ಏನೂ ಸಿದ್ಧವಿಲ್ಲದವರಿಗೆ ಪಾಲು ಕಳುಹಿಸಿರಿ ಎಂಬದೇ. ಪಾಲು ಕಳುಹಿಸುವದು ನಮಗೆ ಸುಲಭ. ಕ್ರಿಸ್ಮಸ್ಸಿಗೆ ಎಲ್ಲರ ಮನೆಗೂ ಕಳುಹಿಸುತ್ತೇವೆ. ಆ ಮನೆಗಳ ಒಲೆಯಿಂದ ನಮಗೆ ಬಂದ ಪಾಲನ್ನು ನಾವು ಉಂಡೆವೋ, ಮೂಲೆಯಲ್ಲಿಟ್ಟೆವೋ ಎಂಬದನ್ನು ನಮ್ಮ ಮಕ್ಕಳು ನೋಡುತ್ತಿದ್ದಾರೆ.