ಇಂದಿನ ಧಮ್ಮ ಚಿಂತನೆ: ನಿಮ್ಮದು ಊಟ ಆಯಿತೇ?



ನನಗೆ ಸಕ್ಕರೆ ಕಾಯಿಲೆ ಬಂದು ನಾಲ್ಕು ವರ್ಷವಾಯಿತು. ತೂಕ ಇಳಿಸಿ ಎಂದು ಹೇಳಿ ಹೇಳಿ ಡಾಕ್ಟರಿಗೇ ಸಾಕಾಗಿತ್ತು. ಕಡೆಗೆ ಮಗ ಹಟ ಹಿಡಿದು, ಮಲಪನಗುಡಿ ಹತ್ತಿರದ ಒಂದು ರೆಸಾರ್ಟಿನಲ್ಲಿ ನಡೆಯುವ ಐದು ದಿನದ ಆರೋಗ್ಯ ಶಿಬಿರಕ್ಕೆ ದುಡ್ಡು ಕಟ್ಟಿ ಕಳಿಸಿದ. ಬೆಳಿಗ್ಗೆ ಐದೂವರೆಗೆ ವ್ಯಾಯಾಮ, ಆಮೇಲೆ ನಡಿಗೆ. ಮಧ್ಯಾಹ್ನದವರೆಗೆ ಮಜ್ಜಿಗೆ ಬಿಟ್ಟರೆ ಏನೂ ಇಲ್ಲ. "ಈ ಐದು ದಿನ ಬೇರೆ ಯಾರ ಬಗ್ಗೆಯೂ ಯೋಚಿಸಬೇಡಿ, ನಿಮ್ಮ ಬಗ್ಗೆ ಮಾತ್ರ ಯೋಚಿಸಿ" ಎಂದರು ಅಲ್ಲಿಯ ತರಬೇತುದಾರರು.

ಮೊದಲ ದಿನ ನನಗೆ ಸಿಟ್ಟೇ ಬಂತು. ನಮ್ಮವ್ವ ಸಂಡೂರಿನ ಕಡೆ ಗಣಿಯಲ್ಲಿ ಅದಿರು ಒಡೆಯುವ ಕೂಲಿಗೆ ಹೋಗುತ್ತಿದ್ದಳು. ರಾತ್ರಿ ಇದ್ದ ರೊಟ್ಟಿಯನ್ನು ನಮ್ಮ ತಟ್ಟೆಗೆ ಹಾಕಿ "ನಂದು ಆಗೈತಿ" ಅನ್ನುವಳು. ಆಗಿರುತ್ತಿರಲಿಲ್ಲ. ಕೆಲಸ ಸಿಕ್ಕ ಮೇಲೆ ನಾನು ತಟ್ಟೆ ತುಂಬಾ ಉಂಡೆ. ಅದು ಅತಿಯಾಯಿತು ಎಂದು ಒಮ್ಮೆಯೂ ಅನಿಸಲಿಲ್ಲ, ಸ್ವಾಭಿಮಾನ ಎಂದೇ ಅನಿಸಿತ್ತು. ನಮ್ಮಲ್ಲಿ ಬಹಳ ಮನೆಗಳ ಕಥೆ ಇದೇ ಅಲ್ಲವೇ? ಈಗ ಅದೇ ಮನೆಗಳಲ್ಲಿ ಬಿ.ಪಿ., ಶುಗರ್ ಮಾತ್ರೆಯ ಡಬ್ಬಿಗಳಿವೆ. ಬಾಬಾಸಾಹೇಬರಿಗೂ ಸಕ್ಕರೆ ಕಾಯಿಲೆ ಇತ್ತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ನಮಗೆ ಧಮ್ಮ ಕೊಟ್ಟ ಆ ದೇಹ ಎರಡು ತಿಂಗಳು ತುಂಬುವ ಮೊದಲೇ ಹೋಯಿತು. ದೇಹವನ್ನು ಕಡೆಗಣಿಸಬಾರದು, ಅದನ್ನು ಒಪ್ಪುತ್ತೇನೆ.

ಎರಡನೇ ದಿನ ಕೋಣೆ ಗುಡಿಸಲು ಬಂದ ಹೆಣ್ಣುಮಗಳು ಮಜ್ಜಿಗೆ ಲೋಟ ನೋಡಿ ನಕ್ಕಳು. "ಅಲ್ರೀ ಸಾರ್, ರೊಕ್ಕ ಕೊಟ್ಟು ಉಪಾಸ ಇರ್ತೀರೇನು?"

ನನಗೂ ನಗು ಬಂತು. "ನಿಂದು ಊಟ ಆತೇನವ್ವಾ?" ಅಂದೆ.

"ನಮ್ದು ನಿಮ್ದೆಲ್ಲಾ ಮುಗಿದ ಮ್ಯಾಲೆ. ಮೂರು ಗಂಟಿ ಆಗತೈತಿ." ಮನೆ ಬಿಟ್ಟಿದ್ದು ಬೆಳಗಿನ ಐದಕ್ಕೆ, ಒಂದು ಕಪ್ಪು ಚಹಾ ಕುಡಿದು.

ಅವತ್ತು ಮಧ್ಯಾಹ್ನದವರೆಗೆ ನಾವಿಬ್ಬರೂ ಹಸಿದಿದ್ದೆವು. ನನ್ನ ಹಸಿವಿಗೆ ಚಿಕಿತ್ಸೆ ಎಂದು ಹೆಸರು. ಅವಳ ಹಸಿವಿಗೆ ಹೆಸರೇ ಇರಲಿಲ್ಲ.

ಆಗ ನೆನಪಾದದ್ದು ಕೋಸಲದ ರಾಜ ಪಸೇನದಿ. ಸಂಯುತ್ತ ನಿಕಾಯದಲ್ಲಿ ಅವನ ಕಥೆ ಬರುತ್ತದೆ. ಒಂದು ದೋಣ ಅಕ್ಕಿಯ ಅನ್ನ ಉಂಡು ಏದುಸಿರು ಬಿಡುತ್ತಾ ಬಂದ ರಾಜನಿಗೆ ಭಗವಾನರು ಮಿತವಾಗಿ ಉಣ್ಣುವ ಬಗ್ಗೆ ಒಂದು ಗಾಥೆ ಹೇಳಿದರು. ಊಟದ ಹೊತ್ತಿಗೆಲ್ಲ ಅದನ್ನು ಹೇಳಲು ರಾಜ ಸುದಸ್ಸನನೆಂಬ ಯುವಕನನ್ನು ನೇಮಿಸಿ ದಿನಕ್ಕೆ ನೂರು ಕಹಾಪಣ ಕೊಟ್ಟ. (ತರಬೇತುದಾರರ ಫೀಸು ಅಂದಿನಿಂದಲೂ ದುಬಾರಿಯೇ!) ಕ್ರಮೇಣ ಅವನ ಊಟ ಒಂದು ನಾಳಿಗೆ ಇಳಿದು, ಮೈ ಹಗುರಾಯಿತು.

ಧಮ್ಮಪದದ ಅಟ್ಠಕಥೆಯಲ್ಲಿ ಇನ್ನೊಬ್ಬನಿದ್ದಾನೆ, ಆಳವಿಯ ಬಡ ರೈತ. ಕಳೆದುಹೋದ ಎತ್ತನ್ನು ಹುಡುಕಿ, ಹಸಿದ ಹೊಟ್ಟೆಯಲ್ಲೇ ಓಡೋಡಿ ಬಂದವನು. ಅವನಿಗಾಗಿ ಭಗವಾನರು ಉಪದೇಶವನ್ನೇ ನಿಲ್ಲಿಸಿ ಕಾದಿದ್ದರು. ಬಂದವನಿಗೆ ಮೊದಲು ಉಣ್ಣಿಸಿದರು, ಆಮೇಲೆ ಧಮ್ಮ ಹೇಳಿದರು. ಭಿಕ್ಖುಗಳು ಗೊಣಗಿದಾಗ, ಹಸಿವಿಗಿಂತ ದೊಡ್ಡ ರೋಗವಿಲ್ಲ ಎಂದು ಅವರಿಗೆ ತಿಳಿಸಿದರು.

ರಾಜನಿಗೆ ಕಡಿಮೆ ಉಣ್ಣು ಎಂದವರೇ ರೈತನಿಗೆ ಮೊದಲು ಉಣ್ಣು ಎಂದರು. ನನ್ನೊಳಗೆ ಇಬ್ಬರೂ ಇದ್ದಾರೆ ಅನಿಸಿತು. ಹೊಟ್ಟೆ ರಾಜನದು, ನೆನಪು ರೈತನದು. ಆ ನೆನಪನ್ನು ಮುಂದಿಟ್ಟುಕೊಂಡು ಇಷ್ಟು ವರ್ಷ ಹೊಟ್ಟೆಯನ್ನು ಬೆಳೆಸಿದ್ದೆ.

ಆದರೆ "ನಿಮ್ಮ ಬಗ್ಗೆ ಮಾತ್ರ ಯೋಚಿಸಿ" ಎಂಬ ಮಾತು ಗಂಟಲಲ್ಲಿ ಇಳಿಯಲಿಲ್ಲ. ಬಾಬಾಸಾಹೇಬರ ಕೊನೆಯ ಗ್ರಂಥ, ಅವರ ಪರಿನಿಬ್ಬಾಣದ ನಂತರ 1957ರಲ್ಲಿ ಬಂದದ್ದು, ಧಮ್ಮ ಸಾಮಾಜಿಕವಾದದ್ದು ಎನ್ನುತ್ತದೆ. ಮನುಷ್ಯ ಒಬ್ಬನೇ ಇದ್ದರೆ ಧಮ್ಮ ಬೇಕಿಲ್ಲ, ಇಬ್ಬರಾದ ಕೂಡಲೇ ಬೇಕು ಎಂಬುದು ಅಲ್ಲಿಯ ವಾದ. ಆ ಕೋಣೆಯಲ್ಲಿ ನಾವು ಇಬ್ಬರಿದ್ದೆವು, ನಾನು ಮತ್ತು ಪೊರಕೆ ಹಿಡಿದ ಆ ತಂಗಿ.

ಮ್ಯಾನೇಜರ್ ಹತ್ತಿರ ಹೋಗಿ, ಕೆಲಸದವರಿಗೆ ಬೆಳಿಗ್ಗೆ ತಿಂಡಿ ಕೊಡಬಾರದೇ ಎಂದು ಕೇಳಿದೆ. "ನೋಡೋಣ ಸರ್" ಎಂದರು. ಮರುದಿನ ಮತ್ತೆ ಕೇಳಿದೆ. ಅದೇ ಉತ್ತರ. ನಾನು ಇದ್ದಷ್ಟು ದಿನ ಏನೂ ಬದಲಾಗಲಿಲ್ಲ. ನನ್ನ ತೂಕ ಮಾತ್ರ ಎರಡು ಕೆ.ಜಿ. ಇಳಿಯಿತು.

ಮನೆಗೆ ಬಂದ ರಾತ್ರಿ ಇದನ್ನೆಲ್ಲ ಬಿಸಿಬಿಸಿಯಾಗಿ ಹೇಳುತ್ತಾ ಒಂದೂವರೆ ರೊಟ್ಟಿ ಉಂಡು ಕೈ ತೊಳೆದೆ. ಹೆಂಡತಿ ಎಲ್ಲ ಕೇಳಿಸಿಕೊಂಡು, "ಹೌದು ಬಿಡ್ರಿ, ಪಾಪ" ಎಂದು ನನ್ನ ತಟ್ಟೆ ಎತ್ತಿದಳು. ಆಮೇಲೆ ಒಳಗೆ ಹೋಗಿ ಒಲೆಯ ಪಕ್ಕ ಕೂತು ತನ್ನ ತಟ್ಟೆಗೆ ಹಾಕಿಕೊಂಡಳು. ಮದುವೆಯಾಗಿ ಇಪ್ಪತ್ತಾರು ವರ್ಷ. ಆ ದೃಶ್ಯ ದಿನವೂ ಕಂಡಿದ್ದೆ, ನೋಡಿರಲಿಲ್ಲ. ಮ್ಯಾನೇಜರಿಗೆ ಎರಡು ಸಲ ಬುದ್ಧಿ ಹೇಳಿದವನು ನಾನು.

ಈಗ ಮೂವರೂ ಒಟ್ಟಿಗೆ ಕೂರುತ್ತೇವೆ. ಮೊದಲ ದಿನ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಸಾರು ತರುತ್ತೇನೆಂದು ಒಮ್ಮೆ, ಉಪ್ಪು ಎಂದು ಒಮ್ಮೆ ಎದ್ದಳು. ಮೂರನೇ ಸಲ ಎದ್ದವನು ಮಗ.

ಜೈ ಭೀಮ್. ಭವತು ಸಬ್ಬ ಮಂಗಲಂ.