ಇಂದ್ರಾಯಣಿಗೆ ಬಿದ್ದ ಅರ್ಧ ಪಾಲು

ಪುಣೆ ಜಿಲ್ಲೆಯ ದೇಹು ಇಂದ್ರಾಯಣಿ ದಂಡೆಯ ಊರು. ಸಂತ ತುಕಾರಾಮರದು ಇಲ್ಲಿಯ ಕುಣಬಿ ಮನೆತನ: ಒಕ್ಕಲುತನ, ಕಿರಾಣಿ, ಲೇವಾದೇವಿ. ಹಲವು ತಲೆಮಾರು ಹಿಂದಿನ ವಿಶ್ವಂಭರ ಬುವಾ ತಪ್ಪದೆ ಪಂಢರಪುರಕ್ಕೆ ನಡೆಯುತ್ತಿದ್ದರಂತೆ. ಆ ನಡಿಗೆಗೆ ಒಲಿದು ಅಲ್ಲಿಯ ವಿಠ್ಠಲನೇ ದೇಹುವಿಗೆ ಬಂದನೆಂಬುದು ಮನೆತನದ ಕಥೆ.

ಹಿರಿಯರಿಂದ ಹೊಲ ಬರುತ್ತದೆ, ದೇವರೂ ಬರುತ್ತಾನೆ. ಊರವರು ಕೊಡಬೇಕಾದ ಬಾಕಿ ಬಂದರೆ?

1630ರ ಸುಮಾರಿನ ಬರದಲ್ಲಿ ತುಕಾರಾಮರ ಮೊದಲ ಹೆಂಡತಿ ಅನ್ನವಿಲ್ಲದೆ ತೀರಿಕೊಂಡರು. ಮಗನೂ ಉಳಿಯಲಿಲ್ಲ. ವ್ಯಾಪಾರ ಮುಳುಗಿತ್ತು. ಸಂಪ್ರದಾಯ ಹೇಳುವಂತೆ, ಅಪ್ಪನ ಕಾಲದ ಸಾಲಪತ್ರಗಳನ್ನು ಹೊರತೆಗೆದು ಅವರು ಎರಡು ಪಾಲು ಮಾಡಿದರು. ಒಂದು ಪಾಲು ತಮ್ಮ ಕಾನ್ಹೋಬನ ಕೈಗೆ, ಸ್ವಂತ ಪಾಲು ಇಂದ್ರಾಯಣಿಗೆ.

ಕಥೆಯ ಸ್ವಾರಸ್ಯವೆಲ್ಲ ಈ ಹಂಚಿಕೆಯಲ್ಲಿದೆ. ಎಲ್ಲವನ್ನೂ ನದಿಗೆ ಎಸೆದಿದ್ದರೆ ವೈರಾಗ್ಯದ ಖರ್ಚು ತಮ್ಮನ ಲೆಕ್ಕಕ್ಕೆ ಬೀಳುತ್ತಿತ್ತು. ಶಾಸ್ತ್ರ ಪಿತೃಋಣ ತೀರಿಸು ಎನ್ನುತ್ತದೆ, ಸರಿ. ಅಪ್ಪ ಕೊಟ್ಟ ಸಾಲ ವಸೂಲು ಮಾಡದಿದ್ದರೆ ಋಣ ಉಳಿದೀತೇ? ತುಕಾರಾಮರು ವಾದಕ್ಕೆ ಕೂರಲಿಲ್ಲ. ವಿಶ್ವಂಭರರ ಕಾಲದ, ಪಾಳುಬಿದ್ದ ವಿಠ್ಠಲನ ಗುಡಿಗೆ ಹೋಗಿ, ಮಣ್ಣು ಕಲಸಿ, ಗೋಡೆ ಎಬ್ಬಿಸತೊಡಗಿದರು.